ವಿಮಾನದ ಬಾಗಿಲಿನ ಮನೆ

ನಮ್ಮ ಅಪ್ಪನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಇದನ್ನು ಬರೆಯಬೇಡ ಎಂದು ಕಾಕಾನ ಮಗ ಈರಣ್ಣ ನನಗೆ ಎರಡು ಸಲ ಹೇಳಿದ್ದಾನೆ. ಅದಕ್ಕೇ ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಗೋಕಾಕದಿಂದ ಘಟಪ್ರಭಾ ಕಡೆಗೆ ಹೋಗುವ ರಸ್ತೆಯಲ್ಲಿರುವ ನಮ್ಮ ಮೋಟಾರು ಶೆಡ್ಡು ಈ ಭಾಗದಲ್ಲೇ ಹಳೆಯದು ಎಂದು ಊರಿನ ಕೆಲವರು ಸೇರಿ ಅದರ ಗೋಡೆಗೆ ಒಂದು ಕಲ್ಲು ಹಾಕಿಸಲು ಹೊರಟಿದ್ದಾರೆ. ಕಲ್ಲಿಗೆಂದು ಮೊದಲು ಬರೆದುಕೊಂಡದ್ದರಲ್ಲಿ ಅಜ್ಜನ ಹೆಸರಿತ್ತು, ಅಪ್ಪನ ಹೆಸರಿತ್ತು. ಅಕ್ಕನ ಹೆಸರಿರಲಿಲ್ಲ. ನನ್ನ ಅಕ್ಕ ನೀಲವ್ವ ಹೋಗಿ ಇನ್ನೂ ನಾಲ್ಕು ತಿಂಗಳು ತುಂಬಿಲ್ಲ. ಮಣ್ಣಿಗೆ ಬಂದವರೆಲ್ಲ, ಪಾಪ, ಮದುವೆ ಮಾಡಿಕೊಳ್ಳದೆ ಅಪ್ಪನ ಸೇವೆ ಮಾಡಿದಳು ಎಂದು ಹೇಳಿ, ಕೈಕಾಲು ತೊಳೆದುಕೊಂಡು ಹೋದರು. ಸೇವೆಯಂತೆ. ಆ ದಿನ ನಾನು ಮಾತಾಡಲಿಲ್ಲ, ಅಳುವುದೇ ಸಾಕಾಗಿತ್ತು. ಈಗ ಅಳು ಸ್ವಲ್ಪ ಹಿಂದೆ ಸರಿದಿದೆ. ಆ ಮನೆಯಲ್ಲಿ ಏನಾಯಿತು ಎಂದು ಕಂಡವರಲ್ಲಿ ಉಳಿದವಳು ನಾನೊಬ್ಬಳೇ. ನಾನೂ ಸುಮ್ಮನಿದ್ದರೆ ಕಲ್ಲಿನ ಮಾತೇ ಖರೆ ಆಗುತ್ತದೆ.

ನಮಗೆ ಮನೆ ಬೇರೆ, ಶೆಡ್ಡು ಬೇರೆ ಎಂದಿರಲಿಲ್ಲ. ಎರಡಕ್ಕೂ ಒಂದೇ ತಗಡಿನ ಚಾವಣಿ, ನಡುವೆ ಒಂದು ಗೋಡೆ. ಗೋಡೆಯ ಆಚೆ ಗಾಡಿಗಳು, ಈಚೆ ಅಡುಗೆಮನೆ. ಅಜ್ಜನ ಕಾಲದಲ್ಲಿ ಮೂಡಲಗಿಗೂ ಹುಕ್ಕೇರಿಗೂ ಓಡುತ್ತಿದ್ದ ಸರ್ವಿಸ್ ಮೋಟಾರುಗಳು ರಾತ್ರಿ ತಂಗುತ್ತಿದ್ದುದು ಅಲ್ಲೇ. ಮುಂದೆ ನಿಂತು ಹ್ಯಾಂಡಲ್ ತಿರುವಿದರಷ್ಟೇ ಚಾಲೂ ಆಗುತ್ತಿದ್ದ ಮೋಟಾರುಗಳು ಅವು. ದೊಡ್ಡ ಯುದ್ಧದಲ್ಲಿ ಪೆಟ್ರೋಲ್ ಸಿಗದಾದಾಗ ಬೆನ್ನಿಗೆ ಇದ್ದಲಿಯ ಒಲೆ ಕಟ್ಟಿಕೊಂಡು, ಅದರ ಗ್ಯಾಸಿನ ಮೇಲೆ ಓಡಿದವಂತೆ. ಏರು ಬಂದರೆ ಜನ ಇಳಿದು ನೂಕಬೇಕಿತ್ತಂತೆ. ನಾನು ಹುಟ್ಟುವ ಹೊತ್ತಿಗೆ ಆ ಮೋಟಾರುಗಳು ಇರಲಿಲ್ಲ. ಆದರೆ ಆ ಒಲೆಯ ಕಬ್ಬಿಣದ ಪೀಪಾಯಿ ನಮ್ಮ ಬಚ್ಚಲಲ್ಲಿತ್ತು. ನಾವೆಲ್ಲ ಅದರಲ್ಲಿ ಕಾದ ನೀರಲ್ಲೇ ಜಳಕ ಮಾಡಿ ದೊಡ್ಡವರಾದೆವು. ಶೆಡ್ಡಿನ ನಡುವೆ ಕಲ್ಲು ಕಟ್ಟಿದ ಉದ್ದನೆಯ ಗುಂಡಿ ಇತ್ತು. ಗಾಡಿಯನ್ನು ಅದರ ಮೇಲೆ ನಿಲ್ಲಿಸಿ, ಅಪ್ಪ ಕೆಳಗೆ ಇಳಿದು ನಿಂತು ಗಾಡಿಯ ಹೊಟ್ಟೆಗೆ ಕೈ ಹಾಕುತ್ತಿದ್ದ. ಹೆಂಗಸರು ಆ ಗುಂಡಿಗೆ ಇಳಿಯುವಂತಿರಲಿಲ್ಲ, ದಾಟುವಂತೆಯೂ ಇರಲಿಲ್ಲ. ದಸರೆಯ ಖಂಡೇ ಪೂಜೆಯ ದಿನ ನಟ್ಟು ಬಿಚ್ಚುವ ಪಾನಾ, ಸುತ್ತಿಗೆಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟಾಗಲೂ ಅವ್ವ ಹೋಳಿಗೆಯ ತಾಟನ್ನು ಬಾಗಿಲಲ್ಲಿ ಇಟ್ಟು ಹಿಂದೆ ಸರಿಯಬೇಕಿತ್ತು.

ಬಾಗಿಲು ಎಂದೆನಲ್ಲ, ಅದೇ ನಮ್ಮ ಮನೆಯ ಗುರುತು. ಯುದ್ಧ ಮುಗಿದ ಮೇಲೆ ಬೆಳಗಾವಿಯಲ್ಲಿ ಮುರಿದ ವಿಮಾನಗಳ ಗುಜರಿ ಮಾರಾಟಕ್ಕೆ ಬಂದಿತ್ತು. ಬೇರೆ ಮೇಸ್ತ್ರಿಗಳು ಟೈರು, ತಂತಿ, ನಟ್ಟು ಬೋಲ್ಟು ತಂದರು. ನಮ್ಮ ಅಜ್ಜ ಒಂದು ಬಾಗಿಲು ತಂದು, ಅಡುಗೆಮನೆಗೂ ಶೆಡ್ಡಿಗೂ ನಡುವೆ ಕೂರಿಸಿದ. ಅಲ್ಯೂಮಿನಿಯಂ ಬಾಗಿಲು, ಮೂಲೆಗಳು ದುಂಡಗೆ, ಅಂಚಿಗೆಲ್ಲ ರಿವೆಟ್ಟುಗಳ ಸಾಲು. ಎತ್ತರ ಕಡಿಮೆ, ಎಷ್ಟು ದೊಡ್ಡ ಮನುಷ್ಯನೂ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ನಡುವೆ ಒಂದು ರೊಟ್ಟಿಯಷ್ಟು ಅಗಲದ ದುಂಡು ಕಿಟಕಿ, ಅದರ ಗಾಜು ಮೊದಲೇ ಹೋಗಿತ್ತು. ಬಸ್ಸಿನ ಕಂಡಕ್ಟರುಗಳು “ವಿಮಾನದ ಬಾಗಲಾ ಯಾರ್ರಿ ಇಳಿಯೋರು?” ಎಂದು ಕೂಗುತ್ತಿದ್ದರು. ಅವ್ವ ಅದನ್ನು ಬೂದಿ ಹಾಕಿ ತಿಕ್ಕಿ, ಸೋಮವಾರಕ್ಕೊಮ್ಮೆ ಮೂರೆಳೆ ವಿಭೂತಿ ಹಚ್ಚುತ್ತಿದ್ದಳು. “ಆಕಾಶದಾಗ ಹಾರಿದ್ದು ನೋಡ, ನಮ್ಮ ಮನೀಗೆ ಬಂದು ರೊಟ್ಟಿ ಹೊಗಿ ಕುಡ್ಯಾಕತ್ತೈತಿ” ಎಂದು ನಗುತ್ತಿದ್ದಳು.

ಅಪ್ಪ ಹೆಸರಾಂತ ಮೇಸ್ತ್ರಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತರೆ ಯಾವ ಸದ್ದು ಎಲ್ಲಿಂದ ಬರುತ್ತದೆ ಎಂದು ಹೇಳುತ್ತಿದ್ದ. ಆ ಸದ್ದುಗಳೇ ಅವನ ಕಿವಿ ತಿಂದವು. ಇದು ನಮಗೆ ಗೊತ್ತಾಗಿದ್ದು ಊಟದ ಹೊತ್ತಿಗೆ. ಇನ್ನೊಂದು ರೊಟ್ಟಿ ಹಾಕಲೇ ಎಂದು ಅವ್ವ ಕೇಳಿದರೆ ಅವಳ ತುಟಿ ನೋಡಿ ತಲೆ ಆಡಿಸುತ್ತಿದ್ದ. ಅವಳು ಒಲೆಯ ಕಡೆ ಮುಖ ಮಾಡಿ ಕೇಳಿದರೆ ಸುಮ್ಮನೆ ಉಣ್ಣುತ್ತಿದ್ದ. ಹೊರಗೆ ಯಾರಿಗೂ ಇದು ತಿಳಿಯಬಾರದು ಎಂಬುದು ಮನೆಯ ಮಾತಾಯಿತು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಪ್ಪನಿಗೆ ಏನಾದರೂ ಹೇಳಬೇಕೆಂದರೆ ಪಕ್ಕಕ್ಕೆ ಹೋಗಿ ಎಡಗಿವಿಯ ಹತ್ತಿರ ಮೆಲ್ಲಗೆ ಹೇಳುತ್ತಿದ್ದೆವು. ಆ ಕಿವಿಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ನಮ್ಮ ಮನೆಯಲ್ಲಿ ಜಗಳ ಕೂಡ ಪಿಸುಮಾತಿನಲ್ಲೇ ನಡೆಯುತ್ತಿತ್ತು. ನೆರೆಯವರು, ಎಷ್ಟು ಮರ್ಯಾದಸ್ಥ ಜನ ಎಂದು ಹೊಗಳುತ್ತಿದ್ದರು.

ಕೇಳಿಸುವ ಕಿವಿ ಇದ್ದದ್ದು ಅಕ್ಕನಿಗೆ. ತೊಟ್ಟಿಲಲ್ಲಿದ್ದಾಗಿನಿಂದ ಎಂಜಿನ್ನಿನ ಸದ್ದು ಕೇಳಿ ಬೆಳೆದವಳು. ಹಿಟ್ಟು ನಾದುತ್ತಾ, ಯಾರೂ ಕೇಳದಿದ್ದರೂ, “ಅವ್ವಾ, ಹೊರಗಿನ ಲಾರಿದು ಒಂದ ಸಿಲಿಂಡರ್ ಸತ್ತೈತಿ” ಎನ್ನುತ್ತಿದ್ದಳು. ಒಂದು ತಿಂಗಳಲ್ಲಿ ಅಪ್ಪ ಎರಡು ಗಾಡಿಗಳನ್ನು ತಪ್ಪು ಜಾಗದಲ್ಲಿ ಬಿಚ್ಚಿದ ಮೇಲೆ ಅವ್ವ ಊಟಕ್ಕೆ ಕೂತವನ ಎಡಗಿವಿಗೆ ಬಾಗಿದಳು.

“ಏನ್ರಿ, ನೀಲಾ ಎಲ್ಲಾ ಹೇಳತಾಳ. ಕಿಟಕ್ಯಾಗ ನಿಂತು ಕೈ ಮಾಡಲಿ. ನೀವು ನೋಡ್ರಿ. ಮಂದಿಗೆ ಏನ ಗೊತ್ತಾಗತೈತಿ?”

ಅಪ್ಪ ಉಂಡು ಎದ್ದು ಹೋದ. ಮರುದಿನ ಮುಂಜಾನೆ ಬಂದ ಗಾಡಿಯನ್ನು ಮೂತಿ ಅಡುಗೆಮನೆಯ ಕಡೆಗೆ ಬರುವಂತೆ ನಿಲ್ಲಿಸಿದ. ಎಂಜಿನ್ನಿನೊಳಗೆ ಬಡಿಯುವ ಸದ್ದು ಬಂದರೆ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು, ಮತ್ತೆ ಸಿಕ್ಕಿಸುತ್ತಾ ಹೋಗಬೇಕು. ಯಾವ ವೈರು ಕಿತ್ತಾಗ ಬಡಿತ ಮೆತ್ತಗಾಗುತ್ತದೋ ಅಲ್ಲಿ ದೋಷ. ಅಪ್ಪ ಕಿತ್ತ, ಕಣ್ಣೆತ್ತಿ ದುಂಡು ಕಿಟಕಿಯ ಕಡೆ ನೋಡಿದ. ಮೂರನೆಯದಕ್ಕೆ ಅಕ್ಕ ಹಿಟ್ಟಿನ ಕೈ ಎತ್ತಿದಳು. ಅಪ್ಪ ಸ್ಕ್ರೂಡ್ರೈವರನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ, ತಲೆದೂಗಿ, “ಮೂರನೇದು” ಎಂದ. ಹೀಗೆ ಎರಡು ವರ್ಷ ನಡೆಯಿತು. ಎಲ್ಲ ಗಾಡಿಗಳೂ ಅಡುಗೆಮನೆಗೆ ಮುಖ ಮಾಡಿಯೇ ನಿಲ್ಲಬೇಕಿತ್ತು. ಯಾಕೆಂದು ಡ್ರೈವರುಗಳು ತಾವೇ ಒಂದು ಅರ್ಥ ಹಚ್ಚಿಕೊಂಡರು: ಬಾಗಿಲ ಮೇಲಿನ ವಿಭೂತಿಗೆ ಮುಖ ಮಾಡಿದರೆ ಗಾಡಿ ತನ್ನ ಬೇನೆ ತಾನೇ ಹೇಳುತ್ತದಂತೆ. ಹುಕ್ಕೇರಿಯ ಒಬ್ಬ ಮೇಸ್ತ್ರಿ ತನ್ನ ಶೆಡ್ಡಿನ ಗೋಡೆಗೂ ಮೂರೆಳೆ ವಿಭೂತಿ ಬಳಿದು, ಗಾಡಿಗಳನ್ನು ಅದರ ಕಡೆ ತಿರುಗಿಸಿ ನಿಲ್ಲಿಸತೊಡಗಿದ ಎಂದು ಕೇಳಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ನನಗೆ ಹೇಳಿದಳು:

“ಎಲ್ಲಾ ನಾ ಹೇಳತೀನಿ, ಹೆಸರು ಗ್ವಾಡಿಗೆ ಬಂತು ನೋಡ. ನನಗ ಒಂದ ಸಲ ಆ ಗುಂಡ್ಯಾಗ ಇಳಿಯೂದೈತಿ. ಕೈ ಹಾಕಿ ನೋಡೂದೈತಿ.”

ಅಕ್ಕನಿಗೆ ಆಗ ಹದಿನೇಳು, ನನಗೆ ಹನ್ನೆರಡು. ಬಾಣಂತನಕ್ಕೆ ಕೈಯಾಸರೆಗೆಂದು ಅಕ್ಕನನ್ನು ಮೇಲವಂಕಿಯ ಸೋದರತ್ತೆಯ ಮನೆಗೆ ಎಂಟು ದಿನ ಕಳಿಸಿದರು. ಅವಳು ಹೋದ ಮೂರನೆಯ ದಿನ ಮೂಡಲಗಿಯ ಸಾವಕಾರರ ಜೀಪು ಬಂತು. ಬೆಲ್ಲದ ವ್ಯಾಪಾರದವರು, ಬಾಯಿ ದೊಡ್ಡದು. ಮಗಳ ನಿಶ್ಚಯಕ್ಕೆ ಅಂದೇ ಮಧ್ಯಾಹ್ನ ಹುಕ್ಕೇರಿಗೆ ಹೋಗಬೇಕಿತ್ತು. ಎಂಜಿನ್ನಿನಲ್ಲಿ ಏನೋ ಟಕ್ ಟಕ್ ಅನ್ನುತ್ತಿದೆ, ನೋಡಿಬಿಡು ಎಂದರು. ನಾಳೆ ಬನ್ನಿ ಎಂದು ಹೇಳುವ ಧೈರ್ಯ ಅಪ್ಪನಿಗಿರಲಿಲ್ಲ. ಅವ್ವ ನನ್ನ ಕೈಯಿಂದ ಹಿಟ್ಟು ನಾದುವ ಕೊಣಮಿಗೆ ಕಸಿದುಕೊಂಡು ನನ್ನನ್ನು ಕಿಟಕಿಗೆ ನೂಕಿದಳು.

ಅಪ್ಪ ಮೊದಲ ವೈರು ಕಿತ್ತ. ಏನೂ ಬದಲಾಗಲಿಲ್ಲ. ಎರಡನೆಯದು ಕಿತ್ತ. ಟಕ್ ಟಕ್ ಎನ್ನುವುದು ಒಂದು ಎಳೆ ಮೆತ್ತಗಾಯಿತು. ನನಗೆ ಕೇಳಿಸಿತು. ಇದನ್ನು ಇಷ್ಟು ವರ್ಷಗಳ ಮೇಲೆ ಸ್ಪಷ್ಟವಾಗಿ ಬರೆಯುತ್ತಿದ್ದೇನೆ: ಕೇಳಿಸಿತು. ಆದರೆ ಕೈ ಎತ್ತಿದರೆ ಅಪ್ಪ ಎಂಜಿನ್ ಬಿಚ್ಚಬೇಕು, ಸಾವಕಾರರ ನಿಶ್ಚಯ ನಿಲ್ಲಬೇಕು, ನನ್ನ ಕಿವಿ ಸುಳ್ಳಾಗಿದ್ದರೆ ಎಲ್ಲರೂ ಬೈಯಬೇಕು. ಎತ್ತದಿದ್ದರೆ ಏನೂ ಆಗುವುದಿಲ್ಲ. ಸುಮ್ಮನಿದ್ದವರಿಗೆ ಯಾರೂ ಬೈಯುವುದಿಲ್ಲ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಮೂರನೆಯದಾಯಿತು, ನಾಲ್ಕನೆಯದಾಯಿತು. ಅಪ್ಪ ಕಿಟಕಿಯನ್ನೇ ನೋಡುತ್ತಿದ್ದ. ನಾನು ಎರಡೂ ಕೈಗಳಿಂದ ಬಾಗಿಲಿನ ಅಂಚು ಹಿಡಿದುಕೊಂಡು ನಿಂತಿದ್ದೆ. “ಏನಿಲ್ರಿ ಸಾವಕಾರ್ರ, ಗಟ್ಟಿ ಐತಿ, ಹೋಗಿ ಬರ್ರಿ” ಎಂದ ಅಪ್ಪ.

ಜೀಪು ಧುಪದಾಳ ದಾಟಿ ಎರಡು ಮೈಲು ಹೋಗುವಷ್ಟರಲ್ಲಿ ಎಂಜಿನ್ನಿನೊಳಗಿನ ರಾಡು ಮುರಿದು, ಪಕ್ಕೆ ಒಡೆದುಕೊಂಡು ಹೊರಗೆ ಬಂತು. ಯಾರಿಗೂ ಗಾಯವಾಗಲಿಲ್ಲ. ಮರುದಿನ ಹತ್ತು ಗಂಟೆಗೆ ಜೋಡಿ ಎತ್ತುಗಳು ಆ ಜೀಪನ್ನು ಎಳೆದುಕೊಂಡು ನಮ್ಮ ಶೆಡ್ಡಿಗೆ ಬಂದವು. ಹಿಂದೆ ಸಾವಕಾರರು, ಅವರ ಹಿಂದೆ ಅರ್ಧ ಪ್ಯಾಟಿ.

“ಮೇಸ್ತ್ರೀ! ಕಬ್ಬಿನ ಗಾಡ್ಯಾಗ ಕುಂತು ಬೀಗರ ಮನೀಗೆ ಹೋದೆವಪಾ! ನಮ್ಮ ಬೀಗತಿ ಹೊರಗ ಬಂದು ಕೇಳಿದ್ಲು, ಕಬ್ಬು ಎಲ್ಲಿ ಇಳಸತೀರಿ ಅಂತ!”

ಜನ ನಕ್ಕರು. ಅಪ್ಪ ಮುರಿದ ಎಂಜಿನ್ನನ್ನು ನೋಡುತ್ತಾ ನಿಂತಿದ್ದ. ಸಾವಕಾರರು ಅವನ ಬೆನ್ನ ಹಿಂದೆ ನಿಂತು, “ಕಿವ್ಯಾಗ ಹತ್ತಿ ಅರಳಿ ತುರಕೊಂಡು ಗಾಡಿ ನೋಡಿದ್ದೇನ್ ನೀ? ಕಿವುಡಾ!” ಎಂದರು. ಅಪ್ಪ ತಿರುಗಿ, ಅವರ ಮುಖ ನೋಡಿ, ಏನೋ ಸಮಾಧಾನ ಹೇಳಿದರೆಂದು ತಿಳಿದು ನಕ್ಕ. ಬೈಗುಳಕ್ಕೆ ನಕ್ಕ ಅಪ್ಪನನ್ನು ನೋಡಿ ಜನ ಇನ್ನೂ ಜೋರಾಗಿ ನಕ್ಕರು. ನಾನು ಕಿಟಕಿಯ ಹಿಂದಿದ್ದೆ. ಅಪ್ಪ ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. “ತಪ್ಪು ನಂದರೀ” ಎಂದಷ್ಟೇ ಹೇಳಿ, ಪಾನಾ ಕೈಗೆತ್ತಿಕೊಂಡ.

ಸುದ್ದಿ ಮೇಲವಂಕಿಗೆ ಮುಟ್ಟಿ, ಅಕ್ಕ ಬಾಣಂತಿಯನ್ನು ಬಿಟ್ಟು ಮರುದಿನದ ಬಸ್ಸಿಗೇ ಬಂದಳು. ಕೈಚೀಲ ಕೆಳಗಿಡದೆ ನನ್ನನ್ನು ಬಚ್ಚಲಿಗೆ ಕರೆದೊಯ್ದಳು.

“ಖರೇ ಹೇಳ. ಕೇಳಿಸಿತ್ತೋ ಇಲ್ಲೋ?”

“ಕೇಳಿಸಿತ್ತು.”

“ಎಷ್ಟನೇದು?”

“ಎರಡನೇದು.”

ಹೊಡೆಯುತ್ತಾಳೆ ಎಂದು ಕಣ್ಣು ಮುಚ್ಚಿದೆ. ಅವಳು ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. “ಕಿವಿ ಛಲೋ ಅದಾವ ನಿನ್ನವು. ಬಾಯಿ ಸುಮಾರ ಐತಿ” ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ, ಅವ್ವನ ಹಳೆಯ ಸೀರೆಯ ತುಂಡನ್ನು ಉಂಡೆ ಮಾಡಿ, ವಿಮಾನದ ಬಾಗಿಲಿನ ಕಿಟಕಿಗೆ ಬಿಗಿಯಾಗಿ ತುರುಕಿದಳು. ಅವ್ವ ಏನದು ಎಂದರೆ, “ಇನ್ನ ಒಳಗಿಂದ ಕೈ ಮಾಡಂಗಿಲ್ಲ. ಬೇಕಾದ್ರ ಹೊರಗ ಕರೀಲಿ” ಎಂದಳು.

ಎರಡು ದಿನ ಅಪ್ಪ ಗಾಡಿಗಳನ್ನು ಕಿಟಕಿಯ ಮುಂದೆ ನಿಲ್ಲಿಸಿದ, ಬಟ್ಟೆಯ ಉಂಡೆ ನೋಡಿದ, ಪಾರ್ಟು ಸಿಗುವುದಿಲ್ಲ ಎಂದು ಸುಳ್ಳು ಹೇಳಿ ಗಾಡಿಗಳನ್ನು ಹಿಂದೆ ಕಳಿಸಿದ. ಮೂರನೆಯ ದಿನ ಶೆಡ್ಡಿನಲ್ಲಿ ನಾಲ್ಕೈದು ಡ್ರೈವರುಗಳು ಕಾಯುತ್ತಾ ಕೂತಿದ್ದಾಗ ಅಪ್ಪ ತಲೆ ಬಗ್ಗಿಸಿ ಒಳಗೆ ಬಂದ. ರೊಟ್ಟಿ ಬಡಿಯುತ್ತಿದ್ದ ಅಕ್ಕನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ನಾವೆಲ್ಲ ಅವನ ಜೊತೆ ಮಾತಾಡುವ ಹಾಗೆಯೇ ಮೆಲ್ಲಗೆ ಮಾತಾಡಿದ.

“ಕಿಟಕ್ಯಾಗಿನ ಅರಿಬಿ ತಗೀ ನೀಲಾ. ಮನಿತನದ ಮರ್ಯಾದಿ ಐತಿ. ಹೆಣ್ಣಹುಡುಗಿ ಗುಂಡ್ಯಾಗ ಇಳದ್ರ ನಾಳೆ ನಿನ್ನ ಯಾರ ಮಾಡ್ಕೊಂತಾರ?”

ಅಕ್ಕ ಬಾಗಲಿಲ್ಲ, ಅವನ ಎಡಗಿವಿ ಹುಡುಕಲಿಲ್ಲ. ಎದ್ದು ನಿಂತು, ತಗಡಿನ ಚಾವಣಿ ಗುಂಯ್‌ಗುಡುವ ಹಾಗೆ ಒದರಿದಳು:

“ನಿನಗ ಕಿವಿ ಕೇಳಸೂದಿಲ್ಲ ಅಪ್ಪಾ! ಎರಡು ವರ್ಷಾತು, ನಾ ಕೇಳಿ ಹೇಳಾಕತ್ತೇನಿ! ಮಾಡ್ಕೊಳ್ಳಾವರು ಬ್ಯಾಡ ನನಗ, ಪಾನಾ ಕೊಡ!”

ಹೊರಗೆ ಕೂತಿದ್ದ ಡ್ರೈವರುಗಳು ಎದ್ದು ಬಾಗಿಲಿಗೆ ಬಂದರು. ಆ ಮನೆಯಲ್ಲಿ ಯಾರಾದರೂ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪನಿಗೆ ಪ್ರತಿಯೊಂದು ಮಾತೂ ಕೇಳಿಸಿತ್ತು, ಅದು ಅವನ ಮುಖದ ಮೇಲಿತ್ತು. ಬಾಗಿಲ ಸಂದಿಯಿಂದ ಒಬ್ಬ ಮುದಿ ಡ್ರೈವರು ಇಣುಕಿ, “ಮೇಸ್ತ್ರಿ, ಹೆಣ್ಣು ಗುಂಡ್ಯಾಗ ಇಳದ್ರ ಮೈಲಿಗಿ, ಶೆಡ್ಡಿಗೆ ಛಲೋ ಅಲ್ಲ” ಎಂದ. ಅಲ್ಲಿಯವರೆಗೆ ಗೋಡೆಗೆ ಆತು ನಿಂತಿದ್ದ ಅವ್ವ ಕೊರಳಿನ ಲಿಂಗದ ಕರಡಿಗೆಯನ್ನು ಸೆರಗಿನಿಂದ ಹೊರಗೆ ತೆಗೆದು ಅವನ ಕಣ್ಣಿಗೆ ಹಿಡಿದಳು.

“ಇದು ನನ್ನ ಕೊಳ್ಳಾಗೂ ಐತಿ, ಆಕಿ ಕೊಳ್ಳಾಗೂ ಐತಿ, ಆಕಿ ಅಪ್ಪನ ಕೊಳ್ಳಾಗೂ ಐತಿ. ಬಸವಣ್ಣ ಇಲ್ಲ ಅಂದ ಮೈಲಿಗಿ ನಿನ್ನ ಲಾರ್ಯಾಗ ತಂದೀ ಏನಪಾ? ತಂದಿದ್ರ ತಿರುಗಿ ಒಯ್ಯಿ.”

ಮುದುಕ ತಲೆ ಹಿಂದಕ್ಕೆಳೆದುಕೊಳ್ಳುವ ಅವಸರದಲ್ಲಿ ಬಾಗಿಲಿನ ಚೌಕಟ್ಟಿಗೆ ಬಡಿಸಿಕೊಂಡ. ಅಪ್ಪ ಎದ್ದು ಹೊರಗೆ ಹೋದ. ಆ ದಿನ, ಮರುದಿನ ನಮ್ಮ ಯಾರ ಜೊತೆಗೂ ಮಾತಾಡಲಿಲ್ಲ. ಬಂದು ಕೂತು, ಝುಣಕ ರೊಟ್ಟಿ ಉಂಡು, ಮಜ್ಜಿಗೆ ಕುಡಿದು ಹೋಗುತ್ತಿದ್ದ. ಸಾವಕಾರರ ಜೀಪು ಬಿಚ್ಚಿದ ಹಾಗೆಯೇ ಬಿದ್ದಿತ್ತು. ಎರಡನೆಯ ದಿನ ಮಧ್ಯಾಹ್ನ ತಾಟಿನಲ್ಲಿ ಕೈ ತೊಳೆದು, ಗೋಡೆಯ ಕಡೆ ನೋಡುತ್ತಾ ಹೇಳಿದ:

“ನಾಳೆ ಪರಕಾರ ಉಟ್ಕೊಂಡು ಬರಬ್ಯಾಡ. ಎಂಜಿನ್ ಫ್ಯಾನಿಗೆ ಸಿಗತೈತಿ.”

ಅವ್ವ ಅಂದು ಸಂಜೆಯೊಳಗೆ ಅಪ್ಪನ ಹಳೆಯ ಖಾಕಿ ಪ್ಯಾಂಟನ್ನು ಕತ್ತರಿಸಿ ಅಕ್ಕನ ಅಳತೆಗೆ ಹೊಲಿದಳು. ಮರುದಿನ ಅಕ್ಕ ಗುಂಡಿಗೆ ಇಳಿದಳು. ಸಾವಕಾರರ ಜೀಪಿಗೆಂದು ಬೆಳಗಾವಿಯಿಂದ ಹಳೆಯ ಎಂಜಿನ್ನೊಂದು ಬಂತು. ಅದನ್ನು ಪೂರ್ತಿ ಬಿಚ್ಚಿ, ಬೇರಿಂಗುಗಳನ್ನು ಒಂದೊಂದಾಗಿ ಕೆರೆದು, ಕೂರಿಸಿ, ತೆಗೆದು, ಮತ್ತೆ ಕೆರೆದು, ಹದಿನೈದು ದಿನ ಅಪ್ಪ ತೋರಿಸಿದ, ಅಕ್ಕ ಮಾಡಿದಳು. ಅವಳ ಉಗುರ ಸಂದಿಯ ಕರಿ ಸೀಮೆಎಣ್ಣೆಗೂ ಹೋಗಲಿಲ್ಲ, ಕಟ್ಟಿಗೆಯ ಹೊಟ್ಟಿಗೂ ಹೋಗಲಿಲ್ಲ. ಅವಳು ಬಡಿದ ರೊಟ್ಟಿಗೆ ಗ್ರೀಸಿನ ವಾಸನೆ ಎಂದು ನಾನು ಗೊಣಗಿದರೆ, “ಹಂಗಾರ ನೀನ ಬಡಿ” ಎಂದಳು. ಅವತ್ತಿನಿಂದ ರೊಟ್ಟಿ ನನ್ನ ಪಾಲಿಗೆ ಬಂತು.

ಜೀಪು ಒಯ್ಯಲು ಬಂದ ಸಾವಕಾರರು ಗುಂಡಿಯಿಂದ ಮೇಲೆ ಬಂದ ಅಕ್ಕನನ್ನು, ಅವಳ ಪ್ಯಾಂಟನ್ನು ನೋಡಿ ಬಾಯಿ ತೆರೆದರು. ಅಪ್ಪ ಅವರು ಏನು ಕೇಳುತ್ತಾರೆಂದು ಊಹಿಸಿ ತಾನೇ ಮೊದಲು ಹೇಳಿದ: “ಪಾನಾ ಕೊಡಾಕ ಇಟ್ಕೊಂಡೇನ್ರಿ.” ಸಾವಕಾರರು ನಂಬಿದರು, ಅಥವಾ ನಂಬಿದ ಹಾಗೆ ಮಾಡಿದರು. ಆ ಜೀಪು ಅವರ ಮೊಮ್ಮಕ್ಕಳ ಕಾಲದವರೆಗೆ ಓಡಿತು. ಅಪ್ಪ ಮಾತ್ರ ಬದುಕಿರುವವರೆಗೂ ಅದೇ ಮಾತು ಹೇಳಿದ. ಡ್ರೈವರುಗಳಿಗೆ ಎಲ್ಲ ಗೊತ್ತಿತ್ತು, ಗಾಡಿ ತಂದು ನೇರ ಅಕ್ಕನ ಮುಂದೆ ನಿಲ್ಲಿಸುತ್ತಿದ್ದರು. ಆದರೂ ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ನನ್ನ ಮಗಳು ಪಾನಾ ಕೊಡುತ್ತಾಳೆ ಎನ್ನುತ್ತಿದ್ದ. ಒಮ್ಮೆ ನಾನು ಸಿಟ್ಟಿಗೆದ್ದು, ಕೆಲಸವೆಲ್ಲ ನಿನ್ನದೇ ಎಂದು ಎಲ್ಲರ ಮುಂದೆ ಹೇಳಿಬಿಡು ಎಂದರೆ ಅಕ್ಕ ನಕ್ಕಳು. “ಹೇಳೂದು ಒಂದ ಸಲ ಹೇಳೇನಿ. ದಿನಾ ಒದರಾಕ ನನಗ ಪುರಸೊತ್ತಿಲ್ಲ” ಎಂದಳು. ಅಪ್ಪ ಹೋದ ಮೇಲೂ ಮೂವತ್ತು ವರ್ಷ ಅವಳೇ ಆ ಶೆಡ್ಡು ನಡೆಸಿದಳು. ಆ ಕೆಲಸ ಬೇಕೆಂದು ಕೇಳಿ ತೆಗೆದುಕೊಂಡವಳು ಅವಳು, ಯಾರೂ ಅವಳ ಮೇಲೆ ಹೊರಿಸಿದ್ದಲ್ಲ. ಅವಳನ್ನು ಪಾಪ ಎನ್ನುವವರು ಅವಳು ಗುಂಡಿಯಿಂದ ಮೇಲೆ ಬರುವಾಗಿನ ಮುಖ ನೋಡಿಲ್ಲ.

ಹೋದ ವಾರ ಕಲ್ಲು ಕೆತ್ತಿಸುವವರ ಕಡೆಯಿಂದ ಒಬ್ಬ ತರುಣ ಒಂದು ವಹಿ ಹಿಡಿದು ಮನೆಗೆ ಬಂದ. ಈರಣ್ಣನೂ ಜೊತೆಗಿದ್ದ. ನೀಲವ್ವನ ಹೆಸರು ಬರೆಯುವವರೆಗೆ ನನ್ನ ಗೋಡೆಗೆ ಮೊಳೆ ಹೊಡೆಯಲು ಬಿಡುವುದಿಲ್ಲ ಎಂದೆ. ಈರಣ್ಣ ತಲೆ ಚಚ್ಚಿಕೊಂಡ.

“ದೊಡ್ಡಪ್ಪನ ಕಿವಿ ಸುದ್ದಿ ಯಾಕ ಬೇಕು ನಿನಗ? ಸತ್ತಾವರ ಮರ್ಯಾದಿ ತಗೀತೀ ಏನು?”

“ಆಕಿನೂ ಸತ್ತಾಳ ಈರಣ್ಣ. ಆಕಿ ಮರ್ಯಾದಿ ಯಾರ ನೋಡ್ಬೇಕು?”

ತರುಣ ನಮ್ಮಿಬ್ಬರನ್ನೂ ನೋಡಿ, ಪೆನ್ನು ತೆಗೆದ. “ಆತ್ರಿ ಅಜ್ಜೀರ, ಬರೀತೀನಿ. ನೀಲವ್ವ, ಸಹಾಯಕಿ. ನಡೀತೈತ್ರಿ?”

“ನಡಿಯಂಗಿಲ್ಲ. ಮೇಸ್ತ್ರಿ ಅಂತ ಬರಿ.”

“ಹೆಣ್ಣಮಕ್ಕಳಿಗೆ ಮೇಸ್ತ್ರಿ ಅಂದ್ರ ಓದಾವರು ನಗತಾರ್ರಿ.”

“ನಗಲಿ. ಬರಿ.”

ಬರೆದ. ಓದು ಎಂದೆ. ಈರಣ್ಣನ ಕಡೆ ನೋಡುತ್ತಾ ಮೆಲ್ಲಗೆ ಓದಿದ. ನಾನು ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತೆ.

“ಜೋರಾಗಿ ಓದಪಾ” ಎಂದೆ.